ಹಸಿರು ಘಮ, ಕೆಂಪು ಚರ್ಮ

ಮಳೆ ನಿಂತ ಮೇಲೆ ಹೊರಮಾವು ಕೆರೆ ಏರಿಯಲ್ಲಿ ಹುಲ್ಲು ಕೊಯ್ಯುವಾಗ ಮೂಗಿಗೆ ಬಡಿಯುವ ಹಸಿ ವಾಸನೆ ಯಾರಿಗೆ ಹಿತವಲ್ಲ? ಕುಡುಗೋಲು ತಾಗಿದ ಕ್ಷಣದಲ್ಲೇ ಎಲೆಯೊಳಗಿನ ಕಿಣ್ವಗಳು ಅಲ್ಲಿನ ಕೊಬ್ಬಿನ ಆಮ್ಲವನ್ನು ತುಂಡರಿಸತೊಡಗುತ್ತವೆ. ಆಗ ಹುಟ್ಟುವ, ಆರು ಇಂಗಾಲದ ಪುಟ್ಟ ಅಣುಗಳಿಂದಲೇ ಈ ವಾಸನೆ. ಅವುಗಳಲ್ಲೊಂದಕ್ಕೆ 'ಎಲೆ ಆಲ್ಕೊಹಾಲ್' ಎಂದೇ ಹೆಸರು. ಚಹಾ ಎಲೆಯಲ್ಲೂ ಅದಿದೆ.

ಇದೇ ತಾಜಾತನವನ್ನು ಬಾಟಲಿಗೆ ಇಳಿಸಲು ಶಾಂಪೂ, ಸೋಪು, ಲೋಷನ್‌ಗಳಿಗೆ ಹಸಿರು ಘಮದ ರಾಸಾಯನಿಕಗಳನ್ನು ಬೆರೆಸುತ್ತಾರೆ. ಘಮ ಒಂದೇ ಬಗೆಯದಾದರೂ ಗುಣ ಒಂದೇ ಅಲ್ಲ. ಮೀಥೈಲ್ ಆಕ್ಟಿನೋಯೇಟ್ ಎಂಬ ದ್ರವವನ್ನೇ ನೋಡಿ. ವಾಸನೆ ವಯಲೆಟ್ ಗಿಡದ ಎಲೆಯಂತೆ, ಸೌತೆಕಾಯಿಯಂತೆ. ಹುಟ್ಟು ಮಾತ್ರ ಕಾರ್ಖಾನೆಯಲ್ಲಿ. ಚರ್ಮಕ್ಕೆ ಅಲರ್ಜಿ ತರಬಲ್ಲವೆಂದು ಐರೋಪ್ಯ ಒಕ್ಕೂಟ 2003ರಲ್ಲಿ ಪಟ್ಟಿಮಾಡಿದ 26 ಸುಗಂಧದ್ರವ್ಯಗಳಲ್ಲಿ ಇದೂ ಒಂದು. ಅಲ್ಲಿ ಇದರ ಮಿತಿ ಶೇಕಡಾ 0.01, ಅಂದರೆ ನೂರು ಗ್ರಾಂ ಲೋಷನ್ನಿಗೆ 10 ಮಿಲಿಗ್ರಾಂ.

ಹಾಗಾದರೆ ನೈಸರ್ಗಿಕವಾದದ್ದೆಲ್ಲ ಕ್ಷೇಮವೆ? ಅದೂ ಅಲ್ಲ. ಓಕ್ ಮರದ ಮೇಲೆ ಬೆಳೆಯುವ ಒಂದು ಕಲ್ಲುಹೂವಿನ ಸಾರ ಹಳೆಯ ಸುಗಂಧದ್ರವ್ಯ. ಅದರಲ್ಲಿ ಸಹಜವಾಗಿಯೇ ಇರುವ ಎರಡು ಅಲರ್ಜಿಕಾರಕಗಳನ್ನು ಒಕ್ಕೂಟ 2017ರಲ್ಲಿ ನಿಷೇಧಿಸಿತು.

ಅಲರ್ಜಿ ಹೇಗೆ ಬರುತ್ತದೆ? ಇಂಥ ಸಣ್ಣ ಅಣು ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ದೇಹದ ಕಾವಲು ಕಣಗಳು ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತವೆ. ಈ ನೆನಪು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಮತ್ತೆ ಸೋಂಕಿದಾಗ ತುರಿಕೆ, ಕೆಂಪು ಕಾಣಿಸಿಕೊಳ್ಳುವುದು ಒಂದೆರಡು ದಿನ ಕಳೆದ ಮೇಲೆ. ಆದ್ದರಿಂದಲೇ ಮೊನ್ನೆ ಹಚ್ಚಿದ ಲೋಷನ್ ತಪ್ಪಿಸಿಕೊಂಡು, ಇಂದು ತಿಂದ ಬದನೆಕಾಯಿ ಅಪರಾಧಿಯಾಗುತ್ತದೆ!

ತಂದೆತಾಯಂದಿರು ಗಾಬರಿಪಡಬೇಕಿಲ್ಲ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಮಗುವಿನ ಚರ್ಮ ಪದೇ ಪದೇ ಕೆಂಪಾಗುತ್ತಿದ್ದರೆ ಹೊಸದಾಗಿ ತಂದದ್ದನ್ನು ನಿಲ್ಲಿಸಿ. ಬಾಟಲಿಯನ್ನು ಎಸೆಯದೆ ಚರ್ಮವೈದ್ಯರ ಬಳಿಗೆ ಒಯ್ಯಿರಿ. ಲೇಬಲ್ ಮೇಲಿನ 'ಫ್ರಾಗ್ರೆನ್ಸ್' ಎಂಬ ಒಂದೇ ಪದದ ಹಿಂದೆ ಹತ್ತಾರು ದ್ರವ್ಯಗಳಿರಬಹುದು. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ 'ಪ್ಯಾಚ್ ಟೆಸ್ಟ್' ನಿಜವಾದ ಕಾರಣವನ್ನು ಹುಡುಕಿಕೊಡಬಲ್ಲದು.

ವಿದ್ಯಾರ್ಥಿಗಳೂ ಒಂದು ಮಾತು ನೆನಪಿಡಿ: ಮೂಗು ಮೆಚ್ಚಿದ್ದನ್ನೆಲ್ಲ ಚರ್ಮ ಮೆಚ್ಚಬೇಕೆಂದಿಲ್ಲ.