ತಾಳಗುಂದದ ಶಾಸನವೂ ಪರವಾನಗಿಯ ಸಮರನೌಕೆಯೂ

ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಐದನೆಯ ಶತಮಾನದ ಶಿಲಾಸ್ತಂಭವನ್ನು ಈ ಭಾಗದ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ವಿದ್ಯಾರ್ಜನೆಗಾಗಿ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ನೊಂದು, ದರ್ಭೆ ಸಮಿತ್ತುಗಳಲ್ಲಿ ಪಳಗಿದ ಕೈಯಿಂದಲೇ ಖಡ್ಗವನ್ನು ಹಿರಿದ ಕಥೆಯನ್ನು ಆ ಕಲ್ಲು ಹೇಳುತ್ತದೆ. ಕೊನೆಗೆ ಪಲ್ಲವರೇ ಸಂಧಿ ಮಾಡಿಕೊಂಡು ಪಡುವಣ ಸಮುದ್ರವನ್ನು ಒಂದು ಎಲ್ಲೆಯಾಗುಳ್ಳ ನಾಡನ್ನು ಅವನಿಗೆ ಬಿಟ್ಟುಕೊಟ್ಟರು. ಅದೇ ಸಮುದ್ರದ ತೀರದಲ್ಲಿ, ಕಾರವಾರದಲ್ಲಿ, 2005ರ ಮೇ 31ರಂದು ಕಾರ್ಯಾರಂಭ ಮಾಡಿದ ನೌಕಾನೆಲೆಗೆ ‘ಐ.ಎನ್.ಎಸ್. ಕದಂಬ’ ಎಂಬ ಹೆಸರನ್ನಿಟ್ಟಿದ್ದಾರೆ. ಹಾಗಾಗಿ ಸಮುದ್ರವನ್ನೇ ಕಾಣದ ನಮ್ಮ ಮಲೆನಾಡಿನ ಊರಿಗೂ ಸಮರನೌಕೆಗಳಿಗೂ ಹೆಸರಿನ ನಂಟೊಂದು ಉಂಟು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನೌಕಾಪಡೆಗೆ ಸೇರಿದ ಯುವಕನೊಬ್ಬನ ತಂದೆ ನಮ್ಮಲ್ಲಿಗೆ ಬಂದು, ಮಗನಿಗೆ ಕ್ಷಿಪಣಿಗಳನ್ನು ಹೊತ್ತ ಫ್ರಿಗೇಟ್ ಒಂದರಲ್ಲಿ ಕೆಲಸ ದೊರೆತಿದೆಯೆಂದೂ ಆ ಹಡಗಿಗಾಗಿ ಕೃತಜ್ಞತೆಯ ಬಲಿಪೂಜೆಯನ್ನು ಅರ್ಪಿಸಬೇಕೆಂದೂ ಕೇಳಿಕೊಂಡರು. ಕೂಡಲೇ ಆಗಲೆನ್ನಲು ನಮ್ಮ ನಾಲಿಗೆ ಏಳಲಿಲ್ಲ. ಆಗದೆನ್ನುವುದೂ ನ್ಯಾಯವೆನಿಸಲಿಲ್ಲ.

ಹಡಗಿನ ವಿಚಾರವನ್ನೇ ಮೊದಲು ನೋಡೋಣ. ಪರದೇಶದ ವಿನ್ಯಾಸವನ್ನು ಪರವಾನಗಿಯ ಮೇಲೆ ಪಡೆದು ಫ್ರಿಗೇಟುಗಳನ್ನು ಕಟ್ಟುವುದು ನಮ್ಮ ದೇಶಕ್ಕೆ ಹೊಸತಲ್ಲ. ಬ್ರಿಟನ್ನಿನ ಲಿಯಾಂಡರ್ ಮಾದರಿಯನ್ನು ಅನುಸರಿಸಿ ಮುಂಬಯಿಯ ಮಜಗಾಂವ್ ಹಡಗುಕಟ್ಟೆಯು ಕಟ್ಟಿದ ‘ನೀಲಗಿರಿ’ 1972ರ ಜೂನ್ 3ರಂದು ಸೇವೆಗೆ ಸೇರಿತು. ಅದರ ಹಿಂದೆ ಇನ್ನೂ ಐದು ಹಡಗುಗಳು ಬಂದವು. ಆ ಪಾಠಶಾಲೆಯಲ್ಲಿ ಕಲಿತವರು ಮುಂದೆ ಸ್ವಂತ ವಿನ್ಯಾಸಕ್ಕೆ ಕೈಹಚ್ಚಿದರು. ಅದೇ ಹೆಸರನ್ನು ಹೊತ್ತ, ನಮ್ಮವರೇ ವಿನ್ಯಾಸಗೊಳಿಸಿದ ಹೊಸ ‘ನೀಲಗಿರಿ’ 2025ರ ಜನವರಿ 15ರಂದು ನೌಕಾಪಡೆಯನ್ನು ಸೇರಿತು.

ಈಗ ನಮ್ಮ ನೆರೆಯ ಗೋವೆಯಲ್ಲಿ ನಡೆದಿರುವುದು ರಷ್ಯದ ಮಾದರಿಯ ಕೆಲಸ. 1957ರಲ್ಲಿ ಪೋರ್ತುಗೀಸರ ಕಾಲದಲ್ಲಿ ಆರಂಭವಾದ ವಾಸ್ಕೋದ ಗೋವಾ ಶಿಪ್‌ಯಾರ್ಡ್‌ಗೆ 2019ರ ಜನವರಿಯಲ್ಲಿ ತಂತ್ರಜ್ಞಾನ ವರ್ಗಾವಣೆಯ ಆಧಾರದ ಮೇಲೆ ಎರಡು ಫ್ರಿಗೇಟುಗಳ ಗುತ್ತಿಗೆ ದೊರೆಯಿತು. ಮೊದಲನೆಯದಾದ ‘ತ್ರಿಪುತ್’ 2024ರ ಜುಲೈ 23ರಂದು ನೀರಿಗಿಳಿಯಿತು. ಎರಡನೆಯ ‘ತವಸ್ಯ’ 2025ರ ಮಾರ್ಚ್ 22ರಂದು. ಉದ್ದ 124.8 ಮೀಟರ್, ತೂಕ ಸುಮಾರು 3,600 ಟನ್, ಗರಿಷ್ಠ ವೇಗ 28 ನಾಟ್. ಇದೇ ಬಗೆಯ ‘ತುಷಿಲ್’ ಮತ್ತು ‘ತಮಾಲ್’ ರಷ್ಯದ ಕಲಿನಿನ್‌ಗ್ರಾಡಿನಲ್ಲೇ ಸಿದ್ಧವಾಗಿ 2024ರ ಡಿಸೆಂಬರಿನಲ್ಲೂ 2025ರ ಜುಲೈಯಲ್ಲೂ ನಮ್ಮ ಸೇವೆಗೆ ಬಂದವು.

ಆದರೆ ನಮ್ಮನ್ನು ಬಹುಕಾಲ ಕಾಡಿದ್ದು ಈ ಅಳತೆಗಳಲ್ಲ, ಎಂಜಿನ್ನಿನ ಕಥೆ. ಈ ಹಡಗುಗಳನ್ನು ಓಡಿಸುವ ಗ್ಯಾಸ್ ಟರ್ಬೈನುಗಳು ತಯಾರಾಗುವುದು ಯುಕ್ರೇನಿನ ಮೈಕೊಲಾಯಿವ್ ನಗರದಲ್ಲಿ. 2014ರಲ್ಲಿ ಕ್ರಿಮಿಯದ ಪ್ರಕರಣವಾದ ಮೇಲೆ ಯುಕ್ರೇನು ಅವುಗಳನ್ನು ರಷ್ಯಕ್ಕೆ ಕೊಡುವುದನ್ನು ನಿಲ್ಲಿಸಿತು. ರಷ್ಯ ತನ್ನದೇ ನೌಕಾಪಡೆಗೆಂದು ಕಟ್ಟತೊಡಗಿದ್ದ ಒಡಲುಗಳು ಎಂಜಿನ್ನಿಲ್ಲದೆ ಹಡಗುಕಟ್ಟೆಯಲ್ಲೇ ನಿಂತವು. ಆಗ ಭಾರತವೇ ಯುಕ್ರೇನಿನಿಂದ ಟರ್ಬೈನುಗಳನ್ನು ಕೊಂಡು ರಷ್ಯಕ್ಕೆ ಒಪ್ಪಿಸಿತು. 2022ರ ಫೆಬ್ರವರಿಯಲ್ಲಿ ಆ ಎರಡು ದೇಶಗಳ ನಡುವೆ ಪೂರ್ಣ ಯುದ್ಧ ಭುಗಿಲೆದ್ದಿತು. ಮೈಕೊಲಾಯಿವ್ ನಗರದ ಮೇಲೂ ಬಾಂಬುಗಳು ಬಿದ್ದವು. ಪರಸ್ಪರ ಕೊಲ್ಲುತ್ತಿದ್ದ ಇಬ್ಬರ ಕೈಕೆಲಸ ನಮ್ಮ ಹಡಗಿನ ಹೊಟ್ಟೆಯಲ್ಲಿ ಒಟ್ಟಿಗೆ ತಿರುಗುತ್ತಿದೆ. ಇದನ್ನು ರಾಜತಂತ್ರದ ಜಾಣ್ಮೆಯೆಂದು ಹೊಗಳಿದವರಿದ್ದಾರೆ. ಜಾಣ್ಮೆಯೇ ಇರಬಹುದು, ನಮಗಂತೂ ಮೊದಲು ನೆನಪಾದವರು ಕಾಯಿನ ಮತ್ತು ಆಬೆಲ.

ಗುರುಮಠದ ದಿನಗಳಲ್ಲಿ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಬಾಯಿಪಾಠ ಮಾಡಿದ್ದೆವು. ಅವನ್ನು ಈ ಹಡಗಿಗೆ ಅನ್ವಯಿಸಿದರೆ, ರೂಪಕಾರಣ ಸೇಂಟ್ ಪೀಟರ್ಸ್‌ಬರ್ಗಿನ ವಿನ್ಯಾಸಕಾರರದು. ದ್ರವ್ಯಕಾರಣ ಹಲವು ದೇಶಗಳದು. ಕರ್ತೃಕಾರಣ ವಾಸ್ಕೋದ ಬೆಸುಗೆಗಾರರು. ಉದ್ದೇಶಕಾರಣ ಮಾತ್ರ ಯಾವ ಒಪ್ಪಂದದ ಕಾಗದದಲ್ಲೂ ಬರುವುದಿಲ್ಲ. ನಕಾಶೆಯನ್ನು ಪರವಾನಗಿಯ ಮೇಲೆ ತರಬಹುದು, ಟರ್ಬೈನನ್ನು ಹಣ ಕೊಟ್ಟು ಕೊಳ್ಳಬಹುದು. ಕ್ಷಿಪಣಿಯನ್ನು ಯಾವಾಗ, ಯಾರ ಮೇಲೆ ಹಾರಿಸಬೇಕೆಂಬ ವಿವೇಕಕ್ಕೆ ಪರವಾನಗಿ ಕೊಡುವ ಸಂಸ್ಥೆ ಎಲ್ಲಿಯೂ ಇಲ್ಲ. ಹಡಗು ನೂರಕ್ಕೆ ಎಷ್ಟು ಪಾಲು ಸ್ವದೇಶಿ ಎಂದು ಲೆಕ್ಕ ಹಾಕುವ ನಾವು, ಪೂರ್ಣವಾಗಿ ಸ್ವದೇಶಿಯಾಗಿರುವ ಆ ಒಂದು ಪಾಲಿನ ಬಗ್ಗೆ ಮಾತನಾಡುವುದೇ ಇಲ್ಲ.

ದೇಶರಕ್ಷಣೆ ಪಾಪವೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಸಂತ ಥಾಮಸ್ ಅಕ್ವಿನಾಸರು ನ್ಯಾಯಯುದ್ಧಕ್ಕೆ ಅಧಿಕೃತ ಆಳುವವನ ಆಜ್ಞೆ, ನ್ಯಾಯವಾದ ಕಾರಣ, ಸರಿಯಾದ ಉದ್ದೇಶ ಎಂಬ ಮೂರು ಷರತ್ತುಗಳನ್ನು ಇಟ್ಟರು. ಶಾಂತಿಯುತ ಮಾರ್ಗಗಳೆಲ್ಲ ಮುಗಿದ ಮೇಲೆ ಸರಕಾರಗಳಿಗೆ ಆತ್ಮರಕ್ಷಣೆಯ ಹಕ್ಕಿದೆಯೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಒಪ್ಪಿತು. ಆದರೆ ಅಮಾನುಷ ಆಜ್ಞೆಗಳಿಗೆ ಕುರುಡಾಗಿ ವಿಧೇಯನಾದವನಿಗೆ ಆ ವಿಧೇಯತೆ ನೆಪವಾಗದೆಂದು ಅದೇ ಅಧ್ಯಾಯದಲ್ಲಿ ಎಚ್ಚರಿಸಿತು. ಇಂದಿನ ಅಸ್ತ್ರಗಳ ವಿನಾಶಶಕ್ತಿಯನ್ನು ಕಂಡು, ನ್ಯಾಯಯುದ್ಧದ ಹಳೆಯ ವಾದವನ್ನು ಮುಂದಿಡುವುದೇ ಈಗ ಕಷ್ಟವೆಂದು ಜಗದ್ಗುರು ಫ್ರಾನ್ಸಿಸರು 2020ರಲ್ಲಿ ಬರೆದರು. ಮಯೂರಶರ್ಮನು ಎದುರಾಳಿಯ ಮುಖವನ್ನು ಕಂಡು ಕತ್ತಿ ಎತ್ತಿರಬೇಕು. ಕ್ಷಿತಿಜದ ಆಚೆಗೆ ಕ್ಷಿಪಣಿಯನ್ನು ಕಳುಹಿಸುವ ನಾವಿಕನಿಗೆ ಕಾಣುವುದು ಪರದೆಯ ಮೇಲಿನ ಒಂದು ಚುಕ್ಕೆ. ಆ ಚುಕ್ಕೆಯಲ್ಲಿ ಮನುಷ್ಯರಿದ್ದಾರೆಂದು ಅವನಿಗೆ ಕಲಿಸಬೇಕಾದವರು ಯಾರು? ಮನೆಯವರು, ಶಾಲೆಯವರು, ಉಪದೇಶಪೀಠದಲ್ಲಿ ನಿಲ್ಲುವ ನಾವು.

ಇನ್ನೊಂದು ಮುಖವನ್ನು ಮರೆಮಾಚಿದರೆ ಅನ್ಯಾಯವಾದೀತು. ಇದೇ ವರ್ಗದ ‘ತರ್ಕಶ್’ 2015ರಲ್ಲಿ ಯೆಮೆನ್ ಹೊತ್ತಿ ಉರಿಯುತ್ತಿದ್ದಾಗ ಅಲ್ಲಿ ಸಿಲುಕಿದ್ದವರನ್ನು ಹೊರತಂದಿತು. ‘ತೇಗ್’ 2024ರ ಜುಲೈಯಲ್ಲಿ ಓಮನ್ ಬಳಿ ಮಗುಚಿದ ತೈಲಹಡಗಿನ ಎಂಟು ಮಂದಿ ಭಾರತೀಯರನ್ನೂ ಒಬ್ಬ ಶ್ರೀಲಂಕದವನನ್ನೂ ರಕ್ಷಿಸಿತು. 2008ರಲ್ಲಿ ಮುಂಬಯಿಗೆ ಕೊಲೆಗಡುಕರು ಬಂದದ್ದು ಸಮುದ್ರದ ದಾರಿಯಿಂದಲೇ. ಕಾವಲು ಬೇಡವೆನ್ನುವಷ್ಟು ಮುಗ್ಧತೆ ನಮಗಿಲ್ಲ.

ಹಾಗೆಯೇ ಆ ಕಾವಲಿನ ಬೆಲೆ ತೆತ್ತವರನ್ನೂ ನೆನೆಯಬೇಕು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಬೀಸುವ ಕರಾವಳಿಯನ್ನು ಬಿಟ್ಟುಕೊಟ್ಟವು; ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆದವು. ಶರಾವತಿಯ ಮುಳುಗಡೆಯನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಾಳಗುಂದದ ಕಲ್ಲಿನ ವಿಷಯದಲ್ಲಿ ಅನೇಕರು ಗಮನಿಸದ ಸಂಗತಿಯೊಂದಿದೆ. ಅದನ್ನು ನಿಲ್ಲಿಸಿದ್ದು ಯುದ್ಧದ ಕಥೆಯನ್ನು ಹೇಳಲೆಂದಲ್ಲ. ಕಾಕುತ್ಸ್ಥವರ್ಮನು ದೇವಾಲಯದ ಬಳಿ ಕಟ್ಟಿಸಿದ ಕೆರೆಯನ್ನು ದಾಖಲಿಸಲೆಂದು ಮಗನಾದ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಕವಿ ರಚಿಸಿದ ಶಾಸನವದು. ಖಡ್ಗದ ಪ್ರಸಂಗ ನಮಗೆ ತಲುಪಿರುವುದು ಕೆರೆಯ ದಯೆಯಿಂದ. ನಮ್ಮ ಮುಂಗಡಪತ್ರಗಳನ್ನು ಬರೆಯುವವರು ಒಮ್ಮೆ ಇಲ್ಲಿಗೆ ಬಂದು ಹೋದರೆ ಒಳ್ಳೆಯದು.

ಕೊನೆಗೆ ಆ ತಂದೆಗೆ ನಾವು ಒಂದು ಮಾರ್ಗವನ್ನು ಸೂಚಿಸಿದೆವು: ಪೂಜೆ ಹಡಗಿಗಾಗಿ ಅಲ್ಲ, ಅದರಲ್ಲಿರುವವರಿಗಾಗಿ, ಅವರ ಎದುರಿಗೆ ಎಂದಾದರೂ ಬರಬಹುದಾದ ನಾವಿಕರಿಗಾಗಿಯೂ. ಮುಂದಿನ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಹಾಗೆಯೇ ಬೇಡಿಕೊಂಡೆವು. ಶತ್ರುಗಳಿಗೂ ಪೂಜೆಯೇ ಎಂದು ಹಿಂದಿನ ಸಾಲಿನಲ್ಲಿ ಕೆಲವರು ಗೊಣಗಿದ್ದು ನಮ್ಮ ಕಿವಿಗೆ ಬಿತ್ತು. ಆ ತಂದೆ ಮಾತ್ರ ಪೂಜೆಯ ನಂತರ ಪೂಜಾಸಿದ್ಧತೆಯ ಕೋಣೆಗೆ ಬಂದು, “ಫಾದರ್, ಆ ಕಡೆಯವರಿಗೂ ಮನೆಯಲ್ಲಿ ಅಪ್ಪ ಇರ್ತಾನಲ್ಲವೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.