ಮಗುವನ್ನು ನೋಡಿಕೊಳ್ಳುವವರ ಕೈಗೆ ಸ್ಕೂಲ್ ಡೈರಿಯನ್ನೂ ಕೊಡಿ

ಜೂನ್ ತಿಂಗಳು ಬಂತೆಂದರೆ ನಮ್ಮ ಅಂಗಡಿಗೆ ಬರುವವರು ಅಕ್ಕಿ, ಸಕ್ಕರೆಯ ಜೊತೆಗೆ ನೋಟ್‌ಬುಕ್, ಬ್ರೌನ್ ಪೇಪರ್, ಚಾರ್ಟ್ ಪೇಪರ್ ಕೂಡ ಕೇಳುತ್ತಾರೆ. ಕೆಲವು ವರ್ಷಗಳಿಂದ ನಾನು ಗಮನಿಸಿದ ಒಂದು ಸಂಗತಿ ಉಂಟು. ಹೀಗೆ ಬರುವವರಲ್ಲಿ ಹಲವರು ಮಗುವಿನ ಉಮ್ಮ ಅಲ್ಲ, ಉಪ್ಪ ಅಲ್ಲ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಬರುವ ಹೆಂಗಸರು. ಕೈಯಲ್ಲಿ ಟೀಚರ್ ಇಂಗ್ಲಿಷಿನಲ್ಲಿ ಬರೆದ ಚೀಟಿ. "ಇದರಲ್ಲಿ ಎಂತ ಉಂಟು, ಸ್ವಲ್ಪ ಓದಿ ಹೇಳಿ" ಎಂದು ನಮ್ಮನ್ನೇ ಕೇಳುತ್ತಾರೆ.

ನೆಕ್ರಾಜೆಯಂಥ ಊರಿನಲ್ಲಿ ಇದು ಸಹಜ. ಉಪ್ಪ ದುಬೈಯಲ್ಲೋ ಕತಾರಿನಲ್ಲೋ ಇರುತ್ತಾರೆ. ಇಂದು ನಮ್ಮ ಹೆಣ್ಣುಮಕ್ಕಳು ಓದಿ ಟೀಚರ್, ನರ್ಸ್, ಅಕೌಂಟೆಂಟ್ ಆಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಅವರು ಬದಿಯಡ್ಕ–ಚೆರ್ಕಳ ರಸ್ತೆಯ ಬಸ್ಸು ಹಿಡಿದು ಮನೆ ಸೇರುವಾಗ ಮಗ್‌ರಿಬ್ ಹತ್ತಿರವಾಗಿರುತ್ತದೆ. ಉಮ್ಮಮ್ಮನಿಗೆ ಕಣ್ಣು ಮಂಜು. ಶಾಲೆ ಬಿಡುವುದು ನಾಲ್ಕು ಗಂಟೆಗೆ. ನಡುವಿನ ಆ ಎರಡು ಮೂರು ಗಂಟೆ ಮಗು ಯಾರ ಕೈಯಲ್ಲಿದೆ? ಆ ಹೆಂಗಸಿನ ಕೈಯಲ್ಲಿ.

"ಉಮ್ಮ ಕೆಲಸಕ್ಕೆ ಹೋದದ್ದೇ ತಪ್ಪು, ಅದಕ್ಕೇ ಮಕ್ಕಳ ಓದು ಹಾಳಾಗುವುದು" ಎನ್ನುವವರು ನಮ್ಮಲ್ಲಿ ಇದ್ದಾರೆ. ಉಪ್ಪ ಎರಡೆರಡು ವರ್ಷ ಊರಿಗೆ ಬಾರದೆ ಇದ್ದರೂ ಈ ಮಾತನ್ನು ಯಾರೂ ಅವರಿಗೆ ಹೇಳುವುದಿಲ್ಲ. ಆದ್ದರಿಂದ ಆ ವಾದವನ್ನು ಬಿಡೋಣ. ಆ ಎರಡು ಮೂರು ಗಂಟೆಯನ್ನು ಸರಿಯಾಗಿ ಬಳಸುವುದು ಹೇಗೆ ಎಂದು ಯೋಚಿಸೋಣ.

ಹೆಚ್ಚಿನ ಮನೆಗಳಲ್ಲಿ ಅವರಿಗೆ ಹೇಳುವುದು ಒಂದೇ ಮಾತು: "ಹೋಮ್‌ವರ್ಕ್ ಮಾಡಿಸಿ." ಹೇಗೆ ಎಂದು ಯಾರೂ ಹೇಳುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬ ಅಕ್ಕ ಏನು ಮಾಡಬಲ್ಲರು? ಒಂದೋ ಮಗುವನ್ನು ಗದರಿಸುತ್ತಾರೆ, ಇಲ್ಲವೇ ಅಕ್ಷರ ಗೊತ್ತಿದ್ದರೆ ತಾವೇ ಬರೆದು ಮುಗಿಸುತ್ತಾರೆ. ಅದೂ ಆಗದಿದ್ದರೆ ಮೊಬೈಲ್ ಕೊಡುತ್ತಾರೆ. 2020ರ ಜೂನ್ 1ರಂದು ಕೇರಳದಲ್ಲಿ ವಿಕ್ಟರ್ಸ್ ಚಾನೆಲಿನ 'ಫಸ್ಟ್ ಬೆಲ್' ತರಗತಿಗಳು ಶುರುವಾದಾಗ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲ್, ಶಾಲೆ ತೆರೆದ ಮೇಲೂ ವಾಪಸು ಹೋಗಲಿಲ್ಲ.

ನಮ್ಮ ಮಕ್ಕಳ ಭಾಷೆಯ ಹೊರೆಯನ್ನೂ ನೋಡಿ. ಮನೆಯಲ್ಲಿ ಬ್ಯಾರಿ. ಬೆಳಿಗ್ಗೆ ಮದ್ರಸದಲ್ಲಿ ಅರಬಿ, ಅರಬಿ-ಮಲಯಾಳಂ. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್, ಜೊತೆಗೆ ಹಿಂದಿ. 2017ರ ಕಾನೂನಿನ ನಂತರ ಹತ್ತನೇ ತರಗತಿಯವರೆಗೆ ಮಲಯಾಳಂ ಕಡ್ಡಾಯ. ನೋಡಿಕೊಳ್ಳುವ ಹೆಂಗಸಿನ ಮನೆಮಾತು ತುಳುವೋ ಮಲಯಾಳವೋ ಆಗಿರಬಹುದು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನಗೇ ಅಕ್ಕನ ಮಗನ ಪುಸ್ತಕಗಳನ್ನು ನೋಡಿದರೆ ತಲೆ ತಿರುಗುತ್ತದೆ. ಪಾಠ ಹೇಳಿಕೊಡಿ ಎಂದು ಆ ಅಕ್ಕನನ್ನು ಕೇಳುವುದು ನ್ಯಾಯವಲ್ಲ.

ಆದರೆ ಪಾಠ ಗೊತ್ತಿಲ್ಲದವರೂ ಕಲಿಕೆಗೆ ನೆರವಾಗಬಹುದು. ಸುಗತ ಮಿತ್ರ ಎಂಬ ಶಿಕ್ಷಣ ಸಂಶೋಧಕರು ತಮಿಳುನಾಡಿನ ಕಲಿಕುಪ್ಪಂ ಎಂಬ ಹಳ್ಳಿಯಲ್ಲಿ ಒಂದು ಪ್ರಯೋಗ ಮಾಡಿದರು. ತಮಿಳು ಮಾತಾಡುವ ಮಕ್ಕಳ ಮುಂದೆ ಇಂಗ್ಲಿಷಿನಲ್ಲಿದ್ದ ಜೀವಶಾಸ್ತ್ರದ ಪಾಠಗಳನ್ನು ಕಂಪ್ಯೂಟರಿನಲ್ಲಿ ಇಟ್ಟರು. ಮಕ್ಕಳು ತಾವಾಗಿಯೇ ಸ್ವಲ್ಪ ಕಲಿತರು. ಆಮೇಲೆ ಆ ವಿಷಯವೇ ಗೊತ್ತಿಲ್ಲದ ಊರಿನ ಒಬ್ಬ ಯುವತಿಯನ್ನು ಮಕ್ಕಳ ಹಿಂದೆ ನಿಲ್ಲಿಸಿದರು. ಅವಳ ಕೆಲಸ ಅಜ್ಜಿಯಂತೆ ಮೆಚ್ಚುವುದು, ಕೇಳುವುದು: "ಇದೇನು? ನನಗೂ ಹೇಳು." ಮಕ್ಕಳ ಅಂಕ ಮತ್ತೆ ಏರಿತು. ಇದು ಒಂದು ಸಣ್ಣ ಪ್ರಯೋಗ, ಟೀಚರ್ ಬೇಡ ಎಂದು ಅರ್ಥವಲ್ಲ. ಆದರೆ ಮಗುವಿನ ಹಿಂದೆ ನಿಲ್ಲುವ ಒಬ್ಬರ ಬೆಲೆ ಏನೆಂದು ಅದು ತೋರಿಸುತ್ತದೆ.

ವರ್ಕ್‌ಶಾಪಿನಲ್ಲಿ ವೈಸ್ ಎಂಬ ಹಿಡಿಕೆ ಇರುತ್ತದೆ. ಅದು ಕಬ್ಬಿಣವನ್ನು ಅರೆಯುವುದಿಲ್ಲ, ಕೊಯ್ಯುವುದಿಲ್ಲ, ಅಲುಗದಂತೆ ಹಿಡಿದುಕೊಳ್ಳುತ್ತದೆ. ಅದಿಲ್ಲದೆ ಒಳ್ಳೆಯ ಫಿಟ್ಟರ್ ಕೂಡ ನೆಟ್ಟಗೆ ಫೈಲ್ ಹೊಡೆಯಲಾರ. ಆ ಅಕ್ಕನಿಂದ ನಾವು ಕೇಳಬೇಕಾದದ್ದೂ ಅಷ್ಟೇ.

ಒಂದನೆಯದು, ಹೊತ್ತು ಮತ್ತು ಜಾಗ. ಮಗು ಬಂದು, ಕೈಕಾಲು ತೊಳೆದು, ಚಾ ತಿಂಡಿ ಮುಗಿಸಿ, ಸ್ವಲ್ಪ ಆಡಿದ ಮೇಲೆ ದಿನವೂ ಅದೇ ಹೊತ್ತಿಗೆ, ಟಿ.ವಿ. ಇಲ್ಲದ ಅದೇ ಜಾಗದಲ್ಲಿ ಕೂರಿಸುವುದು. ಎರಡನೆಯದು, "ಇವತ್ತು ಎಂತ ಕಲಿಸಿದರು? ನನಗೆ ಹೇಳು" ಎಂದು ಕೇಳುವುದು. ಮಗು ಬ್ಯಾರಿಯಲ್ಲೇ ಹೇಳಲಿ. ತನ್ನ ಭಾಷೆಯಲ್ಲಿ ಇನ್ನೊಬ್ಬರಿಗೆ ತಿಳಿಸಿ ಹೇಳಬಲ್ಲ ಮಗುವಿಗೆ ಪಾಠ ಅರ್ಥವಾಗಿದೆ ಎಂದೇ ಲೆಕ್ಕ. ಮೂರನೆಯದು, ತಾವು ಬರೆದು ಕೊಡದಿರುವುದು. ತಪ್ಪಿದ್ದರೂ ಮಗುವೇ ಬರೆಯಲಿ. ತಪ್ಪು ಕಂಡರೆ ತಾನೇ ಟೀಚರಿಗೆ ಗೊತ್ತಾಗುವುದು! ನಾಲ್ಕನೆಯದು, ಮಗುವಿಗೆ ಎಲ್ಲಿ ಕಷ್ಟವಾಯಿತೋ ಆ ಪುಟಕ್ಕೆ ಒಂದು ಕಾಗದದ ತುಂಡು ಇಡುವುದು. ಇದಕ್ಕೆ ಅಕ್ಷರವೂ ಬೇಡ. ರಾತ್ರಿ ಉಮ್ಮ ಆ ಪುಟವನ್ನು ಮಾತ್ರ ನೋಡಿದರೆ ಸಾಕು. ಗಲ್ಫಿನಲ್ಲಿರುವ ಉಪ್ಪ ವಿಡಿಯೊ ಕಾಲಿನಲ್ಲಿ "ಊಟ ಆಯಿತಾ" ಎಂದು ಕೇಳುವುದರ ಜೊತೆಗೆ ಆ ಪುಟದ ಬಗ್ಗೆಯೂ ಕೇಳಬಹುದು.

ಇಷ್ಟು ಕೇಳಬೇಕಾದರೆ ನಾವೂ ಕೊಡಬೇಕಾದದ್ದು ಉಂಟು. ಪಾತ್ರೆ ತೊಳೆದು, ಬಟ್ಟೆ ಒಗೆದು, ಅಡುಗೆ ಮಾಡಿ, ಜೊತೆಗೆ ಮಗುವನ್ನೂ ಓದಿಸಬೇಕು, ಸಂಬಳ ಮಾತ್ರ ಹಳೆಯದೇ ಎಂದರೆ ಆಗುವುದಿಲ್ಲ. ಆ ಒಂದು ಗಂಟೆ ಬೇರೆ ಕೆಲಸ ಹೇಳಬೇಡಿ, ಆ ಗಂಟೆಗೂ ಲೆಕ್ಕ ಹಾಕಿ ಸಂಬಳ ಕೊಡಿ. ಮಗುವಿನ ಮುಂದೆ "ಅವಳಿಗೆ ಎಂತ ಗೊತ್ತು" ಎನ್ನಬೇಡಿ. ನಾವು ಮರ್ಯಾದೆ ಕೊಡದವರ ಮಾತನ್ನು ಮಗು ಯಾಕೆ ಕೇಳಬೇಕು?

ಇನ್ನೊಂದು ಮಾತು ಕೆಲವರಿಗೆ ಕಹಿಯಾಗಬಹುದು. ಹಿಂದೆ ನಮ್ಮ ಅನುಕೂಲಸ್ಥ ಮನೆಗಳಲ್ಲಿ ಮಗುವನ್ನು ಎತ್ತಿಕೊಳ್ಳಲು ಬಡ ಸಂಬಂಧಿಕರ ಹನ್ನೊಂದು, ಹನ್ನೆರಡು ವರ್ಷದ ಹುಡುಗಿಯನ್ನು ಕರೆತರುವುದಿತ್ತು. "ನಮ್ಮ ಮನೆಯ ಮಗುವಿನ ಹಾಗೆ ಇದ್ದಾಳೆ" ಎಂದು ಹೇಳುವುದೂ ಇತ್ತು. ಮನೆಯ ಮಕ್ಕಳ ಬ್ಯಾಗು ಹೊತ್ತು ಶಾಲೆಯ ಗೇಟಿನವರೆಗೆ ಹೋಗಿ ಅವಳು ವಾಪಸು ಬರುತ್ತಿದ್ದಳು. ಅವಳಿಗೆ ಹೋಮ್‌ವರ್ಕೇ ಇರಲಿಲ್ಲ. ಹದಿನಾಲ್ಕು ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ಸರ್ಕಾರ ನಿಷೇಧಿಸಿದೆ. ಸಂಬಂಧದ ಹೆಸರಿನಲ್ಲಿ ಅದು ಎಲ್ಲಿಯೂ ಉಳಿಯಬಾರದು. ಈಗ ನಮ್ಮ ಮನೆಗೆ ಬರುವ ಅಕ್ಕನಿಗೂ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ. ನಮ್ಮ ಮಗುವನ್ನು ಓದಿಸಿ ಅವರು ಮನೆ ಸೇರುವಾಗ ತಮ್ಮ ಮಕ್ಕಳು ನಿದ್ದೆ ಹೋಗಿರಬಾರದು. ಹೊತ್ತಿಗೆ ಸರಿಯಾಗಿ ಅವರನ್ನು ಬಿಡುವುದೂ ನಮ್ಮ ಜವಾಬ್ದಾರಿ.

ಈ ಭಾನುವಾರ ಹದಿನೈದು ನಿಮಿಷ ಅವರ ಜೊತೆ ಕೂತುಕೊಳ್ಳಿ. ಟೈಂಟೇಬಲ್ ಯಾವುದು, ಡೈರಿ ಯಾವುದು, ಯಾವ ಬಣ್ಣದ ಬೈಂಡ್ ಯಾವ ವಿಷಯದ್ದು ಎಂದು ತೋರಿಸಿ. ಅವರ ಫೋನ್ ನಂಬರನ್ನು ಅವರನ್ನೇ ಕೇಳಿ ಟೀಚರಿಗೆ ಕೊಡಿ. ಮುಂದಿನ ಪಿ.ಟಿ.ಎ. ಮೀಟಿಂಗಿಗೆ ನಿಮಗೆ ಹೋಗಲಾಗದಿದ್ದರೆ, ಅವರು ಒಪ್ಪಿದರೆ, ಅವರನ್ನು ಕಳುಹಿಸಿ. ಟೀಚರ್ ಅವರಿಗೆ ಕೂರಲು ಕುರ್ಚಿ ಕೊಡುವಂತೆ ಮೊದಲೇ ಒಂದು ಮಾತು ಹೇಳಿಡಿ.