ಸಾಕ್ಷಿ ಸಮನ್ಸ್ ಬಂದಾಗ ಬಚ್ಚಿಟ್ಟುಕೊಳ್ಳಬೇಕಿಲ್ಲ

ಕೊಕ್ಕರೆ ಬೆಳ್ಳೂರಿನಂಥ ಊರಿಗೆ ಪೊಲೀಸ್ ಜೀಪು ಬಂದು ನಿಂತರೆ ಹಾಲಿನ ಡೈರಿ ಮುಂದೆ ಕೂತವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಅವರು ಯಾವ ತಪ್ಪನ್ನೂ ಮಾಡಿರುವುದಿಲ್ಲ. ‘ಪಂಚರಾಗಿ ಒಂದು ಸೈನ್ ಹಾಕಿ ಬನ್ನಿ’ ಎಂದು ಕರೆದುಬಿಟ್ಟಾರು ಎಂಬ ಭಯ ಅಷ್ಟೆ. ಇವತ್ತು ಸೈನ್ ಹಾಕಿದರೆ ಒಂದೆರಡು ವರ್ಷ ಬಿಟ್ಟು ಮದ್ದೂರಿನ ಕೋರ್ಟಿನಿಂದಲೋ ಮಂಡ್ಯದ ಸೆಷನ್ಸ್ ಕೋರ್ಟಿನಿಂದಲೋ ಸಮನ್ಸ್ ಬರುತ್ತದೆ. ಅದೂ ಕಬ್ಬು ಕಡಿಯಲು ಆಳು ಸಿಕ್ಕ ದಿನ, ಇಲ್ಲವೇ ರೇಷ್ಮೆ ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡಬೇಕಾದ ದಿನ. ಹೆದ್ದಾರಿಯ ರುದ್ರಾಕ್ಷಿಪುರದಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ಊರು. ಬಸ್ಸು ತಪ್ಪಿದರೆ ದಿನವೇ ಹೋಯಿತು. ಕೋರ್ಟಿನಲ್ಲಿ ‘ಗೆದ್ದವ ಸೋತ, ಸೋತವ ಸತ್ತ’ ಎನ್ನುವ ಜನ ನಾವು. ಗೆಲ್ಲುವುದೂ ಇಲ್ಲದ, ಸೋಲುವುದೂ ಇಲ್ಲದ ಸಾಕ್ಷಿ ಯಾಕೆ ಅಲೆಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೂ ಇಂಥ ಕರೆ ಬರುತ್ತದೆ. ಅಲ್ಲಿ ಅದು ಜ್ಯೂರಿ ಕೆಲಸ: ಕೋರ್ಟಿನಲ್ಲಿ ಕೂತು, ಸಾಕ್ಷಿ ಕೇಳಿ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಸಾಮಾನ್ಯ ಜನರೇ ತೀರ್ಮಾನಿಸಬೇಕು. ನಮ್ಮ ದೇಶದ ಹಲವು ಕಡೆಯೂ ಆ ಪದ್ಧತಿ ಇತ್ತು. 1959ರ ನಾನಾವತಿ ಪ್ರಕರಣದಲ್ಲಿ ಮುಂಬೈನ ಜ್ಯೂರಿ ಎಂಟು ಜನ ಒಂದು ಕಡೆ, ಒಬ್ಬರು ಇನ್ನೊಂದು ಕಡೆಯಾಗಿ ಕೊಲೆ ಆರೋಪ ಹೊತ್ತಿದ್ದ ಆ ನೌಕಾಪಡೆಯ ಅಧಿಕಾರಿಯನ್ನು ನಿರ್ದೋಷಿ ಎಂದಿತು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಒಂದು ಪ್ರಕರಣದಿಂದಲೇ ಜ್ಯೂರಿ ನಿಂತುಹೋಯಿತು ಎನ್ನುವ ಮಾತು ಪೂರ್ತಿ ನಿಜವಲ್ಲ. ಅದಕ್ಕೆ ಮೊದಲೇ, 1958ರಲ್ಲಿ, ಕಾನೂನು ಆಯೋಗ ಜ್ಯೂರಿ ಬೇಡವೆಂದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ.

ಹಾಗಾಗಿ ಇಂದು ಕ್ರಿಮಿನಲ್ ನ್ಯಾಯದಲ್ಲಿ ಊರಿನವರಿಗೆ ಉಳಿದಿರುವ ಪಾಲು ಎರಡೇ. ಒಂದು ಪಂಚರಾಗುವುದು, ಇನ್ನೊಂದು ಸಾಕ್ಷಿ ಹೇಳುವುದು. ಜನ ಇವೆರಡನ್ನೂ, ಠಾಣೆಯಿಂದ ಬರುವ ನೋಟಿಸನ್ನೂ ಒಂದೇ ಎಂದುಕೊಳ್ಳುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ.

ಮನೆಯನ್ನೋ ಅಂಗಡಿಯನ್ನೋ ಶೋಧಿಸುವಾಗ ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ, ಗೌರವಸ್ಥ ವ್ಯಕ್ತಿಗಳು ಪಂಚರಾಗಿ ಎದುರಿಗಿರಬೇಕು ಎನ್ನುತ್ತದೆ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಂ. ಇದು ಪೊಲೀಸರ ಅನುಕೂಲಕ್ಕೆ ಮಾಡಿದ್ದಲ್ಲ. ಇಲ್ಲದ ವಸ್ತುವನ್ನು ಇದ್ದಂತೆ ತೋರಿಸಿ ಅಮಾಯಕನನ್ನು ಸಿಕ್ಕಿಸಬಾರದು ಎಂದು ಜನರ ಕಣ್ಣಿಗೆ ಕೊಟ್ಟ ಅಧಿಕಾರ. ಲಿಖಿತ ಆದೇಶ ಕೊಟ್ಟು ಕರೆದರೂ ಸಕಾರಣವಿಲ್ಲದೆ ನಿರಾಕರಿಸಿದರೆ ಅದು ಅಪರಾಧ. ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬಾಯಿಮಾತಿನಲ್ಲಿ ಕರೆದಾಗ ‘ಆಗೋದಿಲ್ಲ ಸಾರ್, ಮನೇಲಿ ತಾಯಿಗೆ ಹುಷಾರಿಲ್ಲ’ ಎಂದವರನ್ನು ಈ ಕಲಂ ತೋರಿಸಿ ಹೆದರಿಸುವುದು ಸರಿಯಲ್ಲ. ಊರಿನವರು ಸಿಗದಿದ್ದರೆ, ಒಪ್ಪದಿದ್ದರೆ, ಬೇರೆ ಊರಿನವರನ್ನು ಕರೆಯಬಹುದೆಂದು ಕಾನೂನೇ ಹೇಳಿದೆ.

ನಿಜವಾದ ಅನಾಹುತ ಆಗುವುದು ನಿರಾಕರಿಸಿದವರಿಂದಲ್ಲ, ನೋಡದೆ ಸೈನ್ ಹಾಕಿದವರಿಂದ. ಸಾಕ್ಷಿಕಟ್ಟೆಯಲ್ಲಿ ನಿಂತ ಪಂಚ ಮಹಜರು ಕಾಗದದ ಮೇಲಿನ ಸಹಿ ನೋಡಿ, ‘ಸಹಿ ನಂದೇ ಸ್ವಾಮಿ. ಠಾಣೆಗೆ ಕರೆದ್ರು, ಹಾಕ್ದೆ. ಏನ್ ಬರ್ದಿತ್ತೋ ಗೊತ್ತಿಲ್ಲ’ ಎನ್ನುತ್ತಾನೆ. ಸರ್ಕಾರಿ ವಕೀಲರು ಎದ್ದು, ಈತನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಕೇಳುತ್ತಾರೆ. ಐದು ನಿಮಿಷದ ಕೆಲಸ. ಅಷ್ಟರಲ್ಲಿ ಮಹಜರು ಬಲ ಕಳೆದುಕೊಂಡಿರುತ್ತದೆ. ಕಳ್ಳತನಕ್ಕೋ ಹಲ್ಲೆಗೋ ಸಿಕ್ಕಿ ನೊಂದ ಮನೆಯವರು ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ನೋಡುತ್ತಿರುತ್ತಾರೆ. ಆದ್ದರಿಂದ ಎದುರಿಗೆ ನಡೆದದ್ದಕ್ಕೆ ಮಾತ್ರ, ಓದಿಸಿ ಕೇಳಿದ ಮೇಲೆ ಮಾತ್ರ ಸಹಿ ಮಾಡಿ. ಹೊಸ ಕಾನೂನಿನಲ್ಲಿ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯವಾಗಿರುವುದರಿಂದ ಪಂಚರ ಮೇಲಿನ ಹೊರೆ ಒಂದಿಷ್ಟು ಇಳಿಯಬೇಕು.

ತನಿಖೆಗೆಂದು ಪೊಲೀಸರು ಕರೆದಾಗ ವಿನಾಯಿತಿ ಸ್ಪಷ್ಟವಾಗಿದೆ. ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಹೋಗಬೇಕಿಲ್ಲ. ಅವರಿರುವ ಮನೆಗೇ ಬಂದು ಕೇಳಬೇಕು. ಹೆದ್ದಾರಿಯಲ್ಲಿ ಅಪಘಾತವಾದಾಗ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಂತೂ ಸಾಕ್ಷಿಯ ಭಯ ಪಡಲೇಬೇಕಿಲ್ಲ. ತಮ್ಮ ಹೆಸರನ್ನು ಹೇಳಿ ಎಂದೂ ಅವರನ್ನು ಬಲವಂತ ಮಾಡುವಂತಿಲ್ಲ.

ಕೋರ್ಟಿನ ಸಮನ್ಸ್ ಬೇರೆ. ಅದನ್ನು ಕಡೆಗಣಿಸಿದರೆ ವಾರಂಟು ಬರಬಹುದು, ದಂಡ ಬೀಳಬಹುದು, ಬೇಕೆಂದೇ ಗೈರಾದರೆ ಆರು ತಿಂಗಳವರೆಗೆ ಸಜೆಗೂ ಅವಕಾಶವಿದೆ. ಆದರೆ ಬರಲು ಆಗುವುದಿಲ್ಲವೆಂದು ಕೇಳಿಕೊಳ್ಳುವುದು ತಪ್ಪಲ್ಲ. ಹೆರಿಗೆ, ಆಪರೇಷನ್, ಮನೆಯಲ್ಲಿ ಸಾವು, ಮಗಳ ಮದುವೆ ಇವೆಲ್ಲಕ್ಕೂ ನ್ಯಾಯಾಧೀಶರು ಬೇರೆ ದಿನಾಂಕ ಕೊಡಬಲ್ಲರು. ಹಾಸಿಗೆ ಹಿಡಿದವರ ಹೇಳಿಕೆ ಪಡೆಯಲು ಕಮಿಷನ್ ನೇಮಿಸಬಲ್ಲರು. ವಿಡಿಯೊ ಮೂಲಕ ಸಾಕ್ಷಿ ಹೇಳುವುದಕ್ಕೂ ಈಗ ದಾರಿಯಿದೆ. ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ಅದನ್ನು ಕೇಳಿ ನೋಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಸರ್ಕಾರಕ್ಕೂ ಕೋರ್ಟುಗಳಿಗೂ ಒಂದು ಮಾತು. ಕೊಕ್ಕರೆ ಬೆಳ್ಳೂರಿನವರು ತಮ್ಮ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಹಕ್ಕಿಗಳಿಗಾಗಿ ಹುಣಸೆ ಫಸಲು ಬಿಟ್ಟುಕೊಟ್ಟವರು. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ನ್ಯಾಯಕ್ಕಾಗಿ ದಿನದ ಕೂಲಿ ಬಿಟ್ಟುಬಂದವರ ನಷ್ಟ ಯಾಕೆ ಲೆಕ್ಕಕ್ಕಿಲ್ಲ? ಸಾಕ್ಷಿಗೆ ಬತ್ತೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಕೇಳಬಹುದೆಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಬಂದ ಸಾಕ್ಷಿಯನ್ನು ವಿಚಾರಿಸದೆ, ವಿಶೇಷ ಕಾರಣ ಬರೆಯದೆ ಮುಂದೂಡುವಂತಿಲ್ಲ ಎಂಬ ನಿಯಮವೂ ಇದೆ. ಸಾಕ್ಷಿಗಳನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ, ಕೊಡುವ ಪುಡಿಗಾಸಿನ ಬಗ್ಗೆ ಸುಪ್ರೀಂ ಕೋರ್ಟು ಸ್ವರಣ್ ಸಿಂಗ್ ಪ್ರಕರಣದಲ್ಲಿ ನೋವಿನಿಂದ ಬರೆದದ್ದು 2000ದಲ್ಲಿ. ಬೆದರಿಕೆ ಇರುವವರಿಗೆ ಸಾಕ್ಷಿ ಸಂರಕ್ಷಣಾ ಯೋಜನೆ ಬಂದದ್ದು 2018ರ ಕೊನೆಗೆ. ಕೋರ್ಟಿನ ವರಾಂಡದಲ್ಲಿ ಸಾಕ್ಷಿ ಕೂರಲು ಒಂದು ಬೆಂಚು, ಕುಡಿಯಲು ನೀರು, ಬಂದ ದಿನವೇ ವಿಚಾರಣೆ, ಅಂದೇ ಬತ್ತೆ: ಇಷ್ಟು ಕೊಟ್ಟರೆ ಜೀಪು ಕಂಡು ಏಳುವವರು ಕಡಿಮೆಯಾಗುತ್ತಾರೆಂದು ನಾನು ನಂಬುತ್ತೇನೆ.

ಸಮನ್ಸ್ ಕೈಗೆ ಬಂದರೆ ಕೇಸಿನ ನಂಬರು, ಕೋರ್ಟಿನ ಹೆಸರು, ದಿನಾಂಕ ಮೊದಲು ನೋಡಿ. ಹೋಗಲು ಆಗದಿದ್ದರೆ ಆ ದಿನ ಬರುವ ಮುಂಚೆಯೇ ಕಾರಣ ಬರೆದು, ವೈದ್ಯರ ಚೀಟಿಯೋ ಲಗ್ನಪತ್ರಿಕೆಯೋ ಲಗತ್ತಿಸಿ, ಸರ್ಕಾರಿ ವಕೀಲರ ಕಚೇರಿಯ ಮೂಲಕ ಕೋರ್ಟಿಗೆ ಅರ್ಜಿ ಕೊಡಿ. ವಕೀಲರನ್ನು ಇಟ್ಟುಕೊಳ್ಳುವ ಖರ್ಚು ಬೇಕಿಲ್ಲ. ಹೋದ ದಿನ ಬತ್ತೆ ಕೇಳಿ ಪಡೆಯಿರಿ.